"ಬಂದದ್ದ ಇಷ್ಟರೀ ಸರ್"

ಸೋಮವಾರ ಲ್ಯಾಬಿನಲ್ಲಿ ಆ ಹುಡುಗಿಗೆ ಗದರಿದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅವಳು ರೆಕಾರ್ಡಿನಲ್ಲಿ ಇಳುವರಿ, ಅಂದರೆ ಬರಬೇಕಾದದ್ದರಲ್ಲಿ ಕೈಗೆ ಬಂದದ್ದು, ಶೇ. 84 ಎಂದು ಬರೆದಿದ್ದಳು. "ಏನವಾ ಇದು, ಚೆಲ್ಲಿಕೊಂಡು ಕುಂತಿ ಏನು?" ಅಂದೆ. ತಲೆ ಎತ್ತದೆ, "ಬಂದದ್ದ ಇಷ್ಟರೀ ಸರ್" ಅಂದಳು.

ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಕಾರ್ಬೊನೇಟ್ ದ್ರಾವಣ ತಲಾ 50 ಮಿ.ಲೀ. ಕೂಡಿಸಿ, ತಳಕ್ಕೆ ಇಳಿದ ಬಿಳಿ ಪ್ರಕ್ಷೇಪವನ್ನು (ಕ್ಯಾಲ್ಸಿಯಂ ಕಾರ್ಬೊನೇಟ್) ಸೋಸಿ, ಒಣಗಿಸಿ ತೂಗುವ ಪ್ರಯೋಗ. ದ್ರಾವಣದ ಸಾಂದ್ರತೆ ಒಂದು ಬೆಂಚಿಗೆ 1 ಮೋಲಾರ್, ಇನ್ನೊಂದಕ್ಕೆ 0.5, ಇವಳಿಗೆ ಎಲ್ಲಕ್ಕಿಂತ ತೆಳು, 0.1. ಹಂಚಿದವನು ನಾನೇ. 1 ಮೋಲಾರ್‌ನವರಿಗೆ 5 ಗ್ರಾಂ ಬರಬೇಕಿತ್ತು, 4.90 ಬಂತು, ಶೇ. 98. ಇವಳಿಗೆ ಬರಬೇಕಾದದ್ದೇ ಅರ್ಧ ಗ್ರಾಂ, ಬಂದದ್ದು 0.42. ಕಳೆದುಕೊಂಡದ್ದು ಅವರಿಗಿಂತ ಇವಳೇ ಕಡಿಮೆ! ನಾನು ನೋಡಿದ್ದು ಶೇಕಡಾವನ್ನು ಮಾತ್ರ.

ಅದಕ್ಕಿಂತ ಚುಚ್ಚುವುದು ಪಕ್ಕದ ಬೆಂಚಿನ ಹುಡುಗನ ಪುಟ. ಶೇ. 104 ಬಂದದ್ದನ್ನು ರಬ್ಬರಿನಿಂದ ಅಳಿಸಿ 97 ಮಾಡಿದ್ದ. ಅಳಿಸಿದ ಅಂಕಿ ಕಾಗದದ ಮೇಲೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಅದಕ್ಕೆ ನಾನು ಸರಿ ಗುರುತು ಹಾಕಿದ್ದೆ. ಚುರುಕು ಹುಡುಗ, ಮೇಷ್ಟ್ರ ಮುಖ ಓದುವುದರಲ್ಲಿ ನಿಸ್ಸೀಮ. ಆ ಓದು ಕಲಿಸಿದವರು ನಾವೇ ಅಲ್ಲವೇ? ಹದಿನಾಲ್ಕು ವರ್ಷದಲ್ಲಿ ನನ್ನ ಮುಖ ನೋಡಿ ಎಷ್ಟು ಮಕ್ಕಳು ಎಷ್ಟು ಅಂಕಿ ಅಳಿಸಿದ್ದಾರೋ.

ಮರುದಿನ ಬೇಗ ಹೋದೆ. ಅವಳ ಬೀಕರ್ ತೊಳೆಯದೆ ಸಿಂಕಿನ ಪಕ್ಕದಲ್ಲೇ ಇತ್ತು. ಗೋಡೆಗೆ ತೆಳ್ಳಗೆ ಬಿಳಿ ಪೊರೆ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಟ್ಟೆ. ಸಣ್ಣಗೆ ಬುರುಬುರು ನೊರೆ ಎದ್ದು ಪೊರೆ ಕರಗಿತು. ಕ್ಯಾಲ್ಸಿಯಂ ಕಾರ್ಬೊನೇಟ್ ಒಂದು ಲೀಟರ್ ನೀರಿನಲ್ಲಿ ಕರಗುವುದು ಹದಿಮೂರು ಮಿಲಿಗ್ರಾಮಿನಷ್ಟು. ಅವಳ 100 ಮಿ.ಲೀ.ಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಹೋದದ್ದೆಲ್ಲ ಗಾಜಿಗೆ, ಗಾಜಿನ ಕಡ್ಡಿಗೆ, ಸೋಸು ಕಾಗದದ ಮಡಿಕೆಗೆ.

ಕರೆದು ತೋರಿಸಿದೆ. ನಿನ್ನೆ ಹಾಗೆ ಅಂದದ್ದು ನನ್ನ ತಪ್ಪು ಅಂತಲೂ ಹೇಳಿದೆ. ಲೋಕಾಪುರದ ಕಡೆಯಿಂದ ಬಸ್ಸಿಗೆ ಬರುವವಳು, ಸುಣ್ಣದ ಕಲ್ಲಿನ ಸೀಮೆಯವಳು. ಒಂದು ಗಳಿಗೆ ಬೀಕರ್ ನೋಡಿ, "ಪರಾತಕ್ಕ ಮೆತ್ತಿದ ಹಿಟ್ಟಿನಂಗ ಏನ್ರೀ ಸರ್? ಎರಡು ರೊಟ್ಟಿಗೆ ನಾದಿದರೂ ಅಷ್ಟ, ಇಪ್ಪತ್ತಕ್ಕೆ ನಾದಿದರೂ ಅಷ್ಟ ಮೆತ್ತತೈತಿ" ಅಂದಳು. ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಇಷ್ಟು ನೇರ ಮಾತು ಹೊಳೆದಿರಲಿಲ್ಲ.

ಹುಡುಗನ ಸೋಸು ಕಾಗದ ಹಸಿ ಇತ್ತು, ನೀರಿನ ತೂಕವೂ ಸೇರಿ 104 ಆಗಿತ್ತು. ಬೈಯಲಿಲ್ಲ, ಓವನ್ನಿನಲ್ಲಿಟ್ಟು ಮತ್ತೆ ತೂಗಲು ಹೇಳಿದೆ. ಅವನ 0.5 ಮೋಲಾರ್‌ಗೆ ಬರಬೇಕಾದ ಎರಡೂವರೆ ಗ್ರಾಮಿಗೆ 2.38 ಬಂತು. ಅವಳೇ ಬೋರ್ಡಿನ ಮೇಲೆ ಮೂರೂ ಬೆಂಚಿನ ನಷ್ಟ ಬರೆದಳು: 0.10, 0.12, 0.08.