20ರ ಬಾಟಲಿ ಕೊನೆಗೂ ಮುಳುಗಿತು

ನಾನು ಮಾಡಿದ ಗೆಲಿಲಿಯೋ ಥರ್ಮಾಮೀಟರ್, ಅಂದರೆ ನೀರಿನಲ್ಲಿ ತೇಲುವ, ಮುಳುಗುವ ಬಾಟಲಿಗಳಿಂದ ಉಷ್ಣತೆ ತೋರಿಸುವ ಜಾರ್, ಈಗ ಸರಿಯಾಗಿ ಕೆಲಸ ಮಾಡುತ್ತಿದೆ. ಅದೂ ಮಡಿಕೇರಿಯ ಮಳೆಗಾಲದಲ್ಲಿ, ಬರೀ ಬಾವಿ ನೀರಿನಲ್ಲಿ! ತೂಕ ಹೊಂದಿಸಲು ಇಂಜೆಕ್ಷನ್ ಬಾಟಲಿಗೆ ಸೀಸದ ಗುಂಡು ತುಂಬೋದು, ಸೀಲ್ ಮಾಡೋದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಸತಾಯಿಸಿದ್ದು 20 ಡಿಗ್ರಿ ದಾಟಿದಾಗ ಮುಳುಗಬೇಕಾದ ಬಾಟಲಿ.

ರೂಮು ಬಿಸಿಯಾದಂತೆ ನೀರಿನ ಸಾಂದ್ರತೆ ಇಳಿದು ಬಾಟಲಿ ಮುಳುಗಬೇಕು, ಅಲ್ವಾ? ಇದು ಹೊತ್ತೇರಿ 22 ಆದರೂ ಮೇಲೆಯೇ ಇರುತ್ತಿತ್ತು. ಕೆಲವೊಮ್ಮೆ ಮುಳುಗಿ ತಳ ಮುಟ್ಟಿ, ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬರುತ್ತಿತ್ತು. ಮೊದಲು ಸೀಲ್ ಮೇಲೆ ಅನುಮಾನ ಬಂತು. ಆದರೆ ಸೋರಿ ಒಳಗೆ ನೀರು ಹೋದರೆ ಬಾಟಲಿ ಭಾರವಾಗಬೇಕು, ಹಗುರ ಯಾಕಾಗುತ್ತದೆ?

ಲೆಕ್ಕ ಹಾಕಿದಾಗ ದಾರಿ ಸಿಕ್ಕಿತು. 20 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಮಿಲಿಲೀಟರಿಗೆ 0.9982 ಗ್ರಾಂ, 21ರಲ್ಲಿ 0.9980. ನನ್ನ ಬಾಟಲಿಯ ಹೊರಗಾತ್ರ ಸುಮಾರು 15 ಮಿಲಿಲೀಟರ್. ಅಂದರೆ ಒಂದು ಡಿಗ್ರಿಗೆ ತೇಲುವ ಬಲದಲ್ಲಿ ಬರುವ ವ್ಯತ್ಯಾಸ ಬರೀ 3 ಮಿಲಿಗ್ರಾಂ! ಮಂಗಳೂರಿನ 30 ಡಿಗ್ರಿಯಲ್ಲಿ ಇದೇ ಬಾಟಲಿಗೆ 4.5 ಸಿಗುತ್ತದೆ. ಇಲ್ಲಿ ಚಳಿಗಾಲದಲ್ಲಿ 15ಕ್ಕೆ ಇಳಿದರೆ 2ರ ಆಸುಪಾಸು. ನೀರು ಅತಿ ಸಾಂದ್ರವಾಗುವುದು 4 ಡಿಗ್ರಿಯಲ್ಲಿ, ಅದರ ಹತ್ತಿರ ಹೋದಷ್ಟೂ ಬದಲಾವಣೆ ಕಮ್ಮಿ. ಘಟ್ಟದ ಮೇಲಿರುವ ನಮಗೆ ಕೆಲಸ ಕಷ್ಟ ಅನ್ನೋದು ಸುಮ್ನೆ ಹೇಳುವ ಮಾತಲ್ಲ.

ಈಗ 2 ಮಿಲಿಮೀಟರ್ ಅಗಲದ ಒಂದು ಗಾಳಿಗುಳ್ಳೆ ತೆಗೆದುಕೊಳ್ಳಿ. ಅದು 4 ಮಿಲಿಗ್ರಾಂ ಎತ್ತುತ್ತದೆ. ಒಂದೇ ಗುಳ್ಳೆ ಒಂದು ಡಿಗ್ರಿಗಿಂತ ಜಾಸ್ತಿ ಸುಳ್ಳು ಹೇಳಿಸುತ್ತದೆ! ಟಾರ್ಚ್ ಹಿಡಿದು ನೋಡಿದರೆ ಬಾಟಲಿಯ ಕತ್ತಿನ ಸುತ್ತ, ಬಣ್ಣದ ಅಂಚಿನಲ್ಲಿ ಸಾಲಾಗಿ ಗುಳ್ಳೆಗಳು. ತಣ್ಣಗಿನ ಬಾವಿ ನೀರು ಗಾಳಿಯನ್ನು ಜಾಸ್ತಿ ಕರಗಿಸಿಕೊಂಡಿರುತ್ತದೆ, ರೂಮಿನಲ್ಲಿ ಬೆಚ್ಚಗಾದಾಗ ಅದನ್ನು ಬಿಡುತ್ತದೆ, ಆ ಗಾಳಿ ಗಾಜಿಗೆ ಅಂಟುತ್ತದೆ. ಬಿಸಿ ಏರಿದಷ್ಟೂ ಗುಳ್ಳೆ ಜಾಸ್ತಿ. ಹಾಗಾಗಿಯೇ ಬಾಟಲಿ ಉಲ್ಟಾ ಓಡುತ್ತಿತ್ತು.

ನೀರನ್ನು ಚೆನ್ನಾಗಿ ಕುದಿಸಿ, ಪಾತ್ರೆಗೆ ಮುಚ್ಚಳ ಹಾಕಿ ಆರಿಸಿ, ನಳಿಗೆಯಲ್ಲಿ ಜಾರಿನ ಗೋಡೆಗುಂಟ ನಿಧಾನವಾಗಿ ಇಳಿಸಿದೆ. ಮೇಲಿಂದ ಸುರಿದರೆ ಮತ್ತೆ ಗಾಳಿ ಸೇರುತ್ತದೆ. ಮಾರನೇ ದಿನ ರೂಮು 20 ದಾಟಿದ್ದೇ ತಡ, ಬಾಟಲಿ ಸದ್ದಿಲ್ಲದೆ ಕೆಳಗಿಳಿದು ಅಲ್ಲೇ ನಿಂತಿತು. ಎಷ್ಟು ಖುಷಿಯಾಯಿತು ಅಂದರೆ, ಮನೆಯವರನ್ನೆಲ್ಲ ಕರೆದು ತೋರಿಸಿದೆ.

ತೂಕದ ಬಗ್ಗೆ ಒಂದು ಮಾತು. ಆನ್‌ಲೈನಲ್ಲಿ ತರಿಸಿದ ತಕ್ಕಡಿ 0.01 ಗ್ರಾಂ ತೋರಿಸುತ್ತದೆ, ಅಂದರೆ 10 ಮಿಲಿಗ್ರಾಂ, ನಮಗೆ ಸಾಲದು. ಮೋಟಾರ್ ವೈಂಡಿಂಗ್‌ನ 0.2 ಮಿಲಿಮೀಟರ್ ತಾಮ್ರದ ತಂತಿ ಹಿಡಿಯಿರಿ. ಬಾಟಲಿಯ ಕುತ್ತಿಗೆಗೆ ಸುತ್ತಿ ತುದಿಯಿಂದ ಕತ್ತರಿಸುತ್ತಾ ಹೋದರೆ, ನೀರಿನೊಳಗೆ ಒಂದು ಸೆಂಟಿಮೀಟರಿಗೆ ಸುಮಾರು 2.5 ಮಿಲಿಗ್ರಾಂ ಇಳಿಯುತ್ತದೆ. ಇದಕ್ಕಿಂತ ಒಳ್ಳೆ ತಕ್ಕಡಿ ನನಗೆ ಸಿಕ್ಕಿಲ್ಲ.

ಮುಂದಿನದು ಪದರಗಳ ಜಾರ್, ಅಂದರೆ ಬೇರೆ ಬೇರೆ ಸಾಂದ್ರತೆಯ ದ್ರವಗಳನ್ನು ಒಂದರ ಮೇಲೊಂದು ನಿಲ್ಲಿಸೋದು. ತಳದಲ್ಲಿ ನಮ್ಮ ಕೊಡಗಿನ ಜೇನು, ಸಾಂದ್ರತೆ ಸುಮಾರು 1.4. ಮೇಲೆ ನೀರು, ಅದರ ಮೇಲೆ ಎಣ್ಣೆ, 0.92. ಕೊಬ್ಬರಿ ಎಣ್ಣೆ ಬೇಡ, 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಇಲ್ಲಿ ಮಳೆ ಜೋರಿರುವ ಆಟಿ ತಿಂಗಳಲ್ಲಿ ಅದನ್ನು ಚಮಚದಲ್ಲಿ ಕೆರೆಯಬೇಕು. ಎಳ್ಳೆಣ್ಣೆ ಸಾಕು. ಜೇನು ನೀರಿನಲ್ಲಿ ಕರಗುವುದರಿಂದ ಆ ಗಡಿ ದಿನ ಕಳೆದಂತೆ ಮಸುಕಾಗುತ್ತದೆ, ಅದಕ್ಕೊಂದು ಉಪಾಯ ಬೇಕು. ಪಲ್ಪಿಂಗ್ ಮಾಡುವಾಗ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ, ತೇಲುವ ಜೊಳ್ಳು ಹಣ್ಣು ತೆಗೆಯೋದು ತೋಟದವರಿಗೆಲ್ಲ ಗೊತ್ತು. ಜಾರಿನಲ್ಲೂ ಹಾಗೆಯೇ, ಹಸಿ ಕಾಫಿ ಬೀಜ ಎಣ್ಣೆ, ನೀರು ಎರಡನ್ನೂ ದಾಟಿ ಜೇನಿನ ಮೇಲೆ ಕೂರಬೇಕು, ಹುರಿದು ಉಬ್ಬಿದ ಬೀಜ ಎಣ್ಣೆಯ ಮೇಲೆಯೇ ತೇಲಬೇಕು. ಅರೇಬಿಕಾ, ರೋಬಸ್ಟಾ ಎರಡನ್ನೂ ಎತ್ತಿಟ್ಟಿದ್ದೇನೆ. ಎತ್ತರದ ಜಾರ್ ಎಲ್ಲಾದರೂ ಸಿಗುತ್ತಿದ್ದರೆ ತಿಳಿಸಿ.