ಕೆನ್ಯಾದ ಮಕ್ಕಳ ಆಶ್ರಮಕ್ಕೆ ಸೇವೆಗೆ ಹೊರಟವರಿಗೆ

ಕಾರವಾರದ ನಮ್ಮ ಚರ್ಚಿನಿಂದ ಕೆಲವರು ಸೇರಿ ಕೆನ್ಯಾದ ಒಂದು ಮಕ್ಕಳ ಆಶ್ರಮದಲ್ಲಿ ಸೇವೆ ಮಾಡಿ ಬಂದೆವು. ನೈರೋಬಿಯಿಂದ ಸ್ವಲ್ಪ ದೂರದ ಊರು. ಅಂಕೋಲಾ, ಹೊನ್ನಾವರ, ಶಿರಸಿ ಕಡೆಯವರು ಈಗ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ, ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಿಮ್ಮ ಬಗ್ಗೆ ಏನೂ ಕೇಳದೆ 'ಬನ್ನಿ ಬನ್ನಿ' ಅನ್ನುವ ಆಶ್ರಮಕ್ಕೆ ಹೋಗಬೇಡಿ. ನಮ್ಮ ಹತ್ತಿರ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು, ಫಾದರ್ ಅವರ ಪತ್ರ ಎರಡನ್ನೂ ಕೇಳಿದ್ದರು. ಸೇವೆಗೆ ಹೋಗುವವರಿಗೆ ಪೊಲೀಸ್ ಕಾಗದ ಯಾಕೆ ಅಂತ ಕೆಲವರಿಗೆ ಬೇಸರವಾಯಿತು. ನನಗೆ ಮಾತ್ರ ಆ ಆಶ್ರಮದ ಮೇಲೆ ನಂಬಿಕೆ ಬಂದದ್ದೇ ಅದರಿಂದ. ನಮ್ಮ ಮಕ್ಕಳಿರುವ ಹಾಸ್ಟೆಲಿಗೆ ಗುರುತು ಪರಿಚಯ ಇಲ್ಲದವರನ್ನು ಒಳಗೆ ಬಿಟ್ಟರೆ ನಾವು ಸುಮ್ನೆ ಇರುತ್ತೇವಾ?

ಇನ್ನೊಂದು ವಿಷಯ ಕೇಳಿಕೊಳ್ಳಿ: ಆಶ್ರಮ ನೋಂದಣಿಯಾಗಿದೆಯಾ, ಮಕ್ಕಳನ್ನು ಮನೆಗೆ ಕಳಿಸುವ ಪ್ರಯತ್ನ ನಡೆಯುತ್ತಿದೆಯಾ? ಕೆನ್ಯಾ ಸರಕಾರ 2017ರಲ್ಲೇ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿತು. ಮಕ್ಕಳು ಕುಟುಂಬದಲ್ಲೇ ಬೆಳೆಯಬೇಕು ಅಂತ 2022ರಲ್ಲಿ ಹತ್ತು ವರ್ಷದ ಯೋಜನೆಯನ್ನೂ ತಂದಿದೆ. ಆಶ್ರಮದ ಮಕ್ಕಳೆಲ್ಲರೂ ಅನಾಥರೇ ಅಂತಲ್ಲ. ಅಜ್ಜಿಯೋ ಮಾವನೋ ಇರುತ್ತಾರೆ, ಸಾಕುವ ಶಕ್ತಿ ಇರುವುದಿಲ್ಲ ಅಷ್ಟೇ.

ಕಾಗದಪತ್ರ: 2024ರಿಂದ ಅಲ್ಲಿ ವೀಸಾ ಬದಲು ಇ-ಟಿಎ (ಹೊರಡುವ ಮುಂಚೆ ಪಡೆಯುವ ಪ್ರಯಾಣದ ಅನುಮತಿ), ಆನ್‌ಲೈನಲ್ಲೇ ಸಿಗುತ್ತದೆ. ಸಂಬಳ ಇಲ್ಲದ ಸೇವೆಗೂ ಬೇರೆ ಅನುಮತಿ ಬೇಕಾ ಅಂತ ಆಶ್ರಮದವರಿಂದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹಳದಿ ಜ್ವರದ ಲಸಿಕೆ ಮರೆಯಬೇಡಿ. ಎಲ್ಲ ಆಸ್ಪತ್ರೆಯಲ್ಲೂ ಕೊಡುವುದಿಲ್ಲ, ಸರಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಹೊರಡಲು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ಲಸಿಕೆ ಹಾಕಿದಾಗ ಕೊಡುವ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಮುಂಬೈಯಲ್ಲಿ ಕ್ವಾರಂಟೈನ್ ಮಾಡಬಹುದು, ಅದಕ್ಕೇ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕೈಚೀಲಕ್ಕೆ ಅಲ್ಲಿ 2017ರಿಂದ ನಿಷೇಧ, ಕವರಿನಲ್ಲಿ ಸುತ್ತಿ ಏನೂ ಒಯ್ಯಬೇಡಿ. ನಮ್ಮ ಕರಾವಳಿಯ ಸೆಕೆಗೆ ಒಗ್ಗಿದವರಿಗೆ ಜುಲೈ-ಆಗಸ್ಟಿನ ನೈರೋಬಿ ಚಳಿ ಜಾಸ್ತಿ ಅನ್ನಿಸುತ್ತದೆ, ಸ್ವೆಟರ್ ಬೇಕೇ ಬೇಕು.

ಈಗ ಕೆಲಸದ ಮಾತು. ಶಾಲೆ ಇರುವ ದಿನ ಮಕ್ಕಳು ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಇಡೀ ದಿನ ಮಕ್ಕಳ ಜೊತೆ ಹಾಡು, ಆಟ ಅಂತ ಅಂದುಕೊಂಡು ಹೋದವರಿಗೆ ಮಧ್ಯಾಹ್ನ ಏನು ಮಾಡಬೇಕೆಂದೇ ಗೊತ್ತಾಗುವುದಿಲ್ಲ. ಆದರೆ ಕೈಕೆಲಸ ಬರುವವರಿಗೆ ಪುರುಸೊತ್ತೇ ಇಲ್ಲ. ನಮ್ಮ ಜೊತೆ ಬಂದಿದ್ದ ಟೇಲರ್ ಬಾಯಿಯೊಬ್ಬರು ಕೆಟ್ಟು ನಿಂತ ಹೊಲಿಗೆ ಯಂತ್ರವನ್ನು ಬಿಚ್ಚಿ, ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿ ಓಡುವ ಹಾಗೆ ಮಾಡಿದರು. ಮೊಣಕೈ ಹರಿದ ಶಾಲೆಯ ಸ್ವೆಟರುಗಳ ರಾಶಿಯೇ ಅಲ್ಲಿತ್ತು. ಒಳಗಿನಿಂದ ಬಟ್ಟೆ ತೇಪೆ ಇಟ್ಟು ಒಂದೊಂದಾಗಿ ಹೊಲಿದರು, ಆಮೇಲೆ ಅಲ್ಲಿನ ಇಬ್ಬರು ದೊಡ್ಡ ಹುಡುಗಿಯರನ್ನು ಪಕ್ಕ ಕೂರಿಸಿಕೊಂಡು ಕಲಿಸಿದರು, ನಾವು ಹೊರಡುವ ಹೊತ್ತಿಗೆ ಆ ಹುಡುಗಿಯರೇ ಯಂತ್ರ ನಡೆಸುತ್ತಿದ್ದರು. ಉಳಿದವರು ಅಡುಗೆಮನೆಯಲ್ಲಿ ರಾಶಿ ಸುಕುಮಾ ಸೊಪ್ಪು ಸಣ್ಣಗೆ ಹೆಚ್ಚಿದೆವು, ಉಗಾಲಿ ಅನ್ನುವ ಅಲ್ಲಿನ ಮುದ್ದೆ ತಿರುವಿದೆವು. ಮೆಕ್ಕೆಜೋಳದ ಹಿಟ್ಟು ಗಟ್ಟಿಯಾಗುತ್ತಾ ಬಂದ ಹಾಗೆ ದೊಡ್ಡ ಮರದ ಸಟ್ಟುಗ ಅಲುಗಾಡುವುದೇ ಇಲ್ಲ. ಅಡುಗೆಯ ಹೆಂಗಸು ಅದನ್ನು ದಿನಾ ಒಬ್ಬರೇ ಮಾಡುತ್ತಾರೆ! ಅವರಿಗೆ ಒಂದು ವಾರ ಕೈ ನೋವಿಲ್ಲದಂತೆ ಮಾಡಿದರೂ ಅದು ಸೇವೆಯೇ, ನನ್ನ ಪ್ರಕಾರ ದೊಡ್ಡ ಸೇವೆ.

ಮಕ್ಕಳು ಬೇಗ ಹಚ್ಚಿಕೊಳ್ಳುತ್ತಾರೆ, 'ಮತ್ತೆ ಯಾವಾಗ ಬರುತ್ತೀರಿ?' ಅಂತ ಕೇಳುತ್ತಾರೆ. ಖಾತ್ರಿ ಇಲ್ಲದಿದ್ದರೆ 'ಬರ್ತೇನೆ' ಅನ್ನಬೇಡಿ. ಬಂದವರೆಲ್ಲ ಹಾಗೇ ಹೇಳಿ ಹೋಗಿರುತ್ತಾರೆ, ಕಾಯುವುದು ಆ ಮಗು ಅಲ್ವಾ? ಒಬ್ಬರಿಗೇ ಉಡುಗೊರೆ ಕೊಡಬೇಡಿ, ತಂದದ್ದನ್ನೆಲ್ಲ ಆಫೀಸಿನಲ್ಲಿ ಕೊಟ್ಟು ರಸೀದಿ ಪಡೆಯಿರಿ. ಮಕ್ಕಳ ಮುಖ ಕಾಣುವ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಲೇಬೇಡಿ, ಮನೆಯವರಿಗೆ ತೋರಿಸುವ ಆಸೆ ಎಷ್ಟೇ ಇರಲಿ. ಪ್ರಾರ್ಥನೆಯೂ ಅವರ ದಿನಚರಿಯಲ್ಲಿ ಇರುವ ಹೊತ್ತಿಗೆ ಮಾತ್ರ.

ಹಣ ಸಹಾಯ ಮಾಡುವವರು, ಮನೆಗೆ ವಾಪಸಾದ ಮಕ್ಕಳ ಶಾಲೆ ಖರ್ಚಿಗೆ ಕೊಡಲು ಬರುತ್ತದಾ ಅಂತ ಆಶ್ರಮದವರನ್ನು ಕೇಳಿ. ನಮ್ಮ ಚರ್ಚಿನವರು ಈಗ ಅದಕ್ಕೇ ಸಂಗ್ರಹ ಮಾಡುತ್ತಿದ್ದಾರೆ.