ಒದ್ದೆ ಟವೆಲ್, ಟೇಬಲ್ ಫ್ಯಾನ್ ಮತ್ತು ಚರಗಳ ಲೆಕ್ಕ

ಆಷಾಢದಲ್ಲಿ ಮಲೆನಾಡಿನಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ವಿಜ್ಞಾನ ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಮಕ್ಕಳಿಗೆ ಇದೇ ಸಾಕು. ಫ್ಯಾನ್‌ಗೆ ಹತ್ತಿರವಿದ್ದಷ್ಟೂ ಬಟ್ಟೆ ಬೇಗ ಆರುತ್ತದೆಯೇ?

ಒಂದೇ ಹಳೆ ಟವೆಲ್‌ನಿಂದ 30 ಸೆಂ.ಮೀ. ಚೌಕದ ಮೂರು ತುಂಡು ಕತ್ತರಿಸಿ. ಪ್ರತಿಯೊಂದಕ್ಕೂ 40 ಮಿ.ಲೀ. ನೀರು ಕುಡಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಟೇಬಲ್ ಫ್ಯಾನಿನ ತಲೆ ಅತ್ತಿತ್ತ ಹೊರಳದಂತೆ ಇಟ್ಟು, ಅದರಿಂದ 1, 2, 3 ಮೀಟರ್ ದೂರದಲ್ಲಿ ತುಂಡುಗಳನ್ನು ಮಡಚದೆ ನೇತುಹಾಕಿ. ಒಂದು ಗಂಟೆಯ ನಂತರ ಮತ್ತೆ ತೂಗಿ.

ಪ್ರಯೋಗದಲ್ಲಿ ಬದಲಾಗಬಹುದಾದ ಅಂಶವೇ ಚರ. ಇಲ್ಲಿ ನೀವಾಗಿ ಬದಲಿಸಿದ್ದು ದೂರ; ಅದು ಸ್ವತಂತ್ರ ಚರ. ಇಳಿದ ತೂಕ, ಅಂದರೆ ಆವಿಯಾದ ನೀರು, ಅವಲಂಬಿತ ಚರ. ಬದಲಾಗದಂತೆ ನೋಡಿಕೊಂಡ ತುಂಡಿನ ಅಳತೆ, ನೀರು, ಫ್ಯಾನಿನ ವೇಗ ನಿಯಂತ್ರಿತ ಚರಗಳು.

ಮಕ್ಕಳು ತಡವರಿಸುವುದು ಸಮಯದ ವಿಷಯದಲ್ಲಿ. ಮೇಲಿನ ಪ್ರಯೋಗದಲ್ಲಿ ಎಲ್ಲ ತುಂಡಿಗೂ ಒಂದೇ ಗಂಟೆ ಕೊಟ್ಟಿದ್ದೇವೆ, ಹಾಗಾಗಿ ಸಮಯ ನಿಯಂತ್ರಿತ. 'ಪೂರ್ತಿ ಒಣಗಲು ಎಷ್ಟು ನಿಮಿಷ ಬೇಕು?' ಎಂದು ಕೇಳಿದರೆ ಅದೇ ಸಮಯ ಅವಲಂಬಿತ ಚರವಾಗುತ್ತದೆ. ಒಂದೇ ತುಂಡನ್ನು ಹತ್ತು ಹತ್ತು ನಿಮಿಷಕ್ಕೆ ತೂಗುತ್ತಾ ಹೋದರೆ ಸಮಯವೇ ಸ್ವತಂತ್ರ ಚರ. ಗ್ರಾಫ್‌ನಲ್ಲಿ ಅಡ್ಡ ಅಕ್ಷಕ್ಕೆ ಬರುತ್ತದೆ. 'ಸಮಯ ಯಾವಾಗಲೂ ಸ್ವತಂತ್ರ' ಎಂದು ಬಾಯಿಪಾಠ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಪ್ರಶ್ನೆಯನ್ನು ಪೂರ್ತಿ ಬರೆಸಿ: 'ಇದನ್ನು ಬದಲಿಸಿದರೆ ಅದು ಎಷ್ಟು ಬದಲಾಗುತ್ತದೆ?' ಉತ್ತರ ಅಲ್ಲೇ ಇರುತ್ತದೆ.

ಪ್ರಯೋಗ ಕೆಡುವುದು ಹೆಚ್ಚಾಗಿ ಗಾಳಿಯ ತೇವಾಂಶದಿಂದ. ಇವತ್ತು ಒಂದು ತುಂಡು, ನಾಳೆ ಇನ್ನೊಂದು ಎಂದು ಮಾಡಿದರೆ, ತೀರ್ಥಹಳ್ಳಿ, ಆಗುಂಬೆ ಕಡೆ ನಡುವೆ ಒಂದು ಜೋರು ಮಳೆ ಸುರಿದಿರುತ್ತದೆ. ಆಗ ವ್ಯತ್ಯಾಸ ದೂರದಿಂದ ಬಂತೋ ಮಳೆಯಿಂದ ಬಂತೋ ಹೇಳಲಾಗದು. ಮೂರನ್ನೂ ಒಂದೇ ಕೋಣೆಯಲ್ಲಿ, ಒಟ್ಟಿಗೇ ಒಣಹಾಕಿ. ಆದರೆ ಒಂದರ ಹಿಂದೆ ಒಂದು ಬೇಡ, ಮುಂದಿನದು ಹಿಂದಿನದರ ಗಾಳಿಗೆ ಅಡ್ಡ ಬರುತ್ತದೆ. ಸ್ವಲ್ಪ ಅಕ್ಕಪಕ್ಕ ಸರಿಸಿ. ಬಚ್ಚಲ ಒಲೆಯ ಹತ್ತಿರವಂತೂ ಬೇಡವೇ ಬೇಡ: ಅಲ್ಲಿ ಗಾಳಿಯ ಜೊತೆ ಶಾಖವೂ ಬದಲಾಗುತ್ತದೆ.

ತಕ್ಕಡಿ 1 ಗ್ರಾಂ ಲೆಕ್ಕದಲ್ಲಿ ತೋರಿಸುವುದಾದರೆ ಒಂದು ಗ್ರಾಂ ವ್ಯತ್ಯಾಸವನ್ನು ನಂಬಬೇಡಿ. ಮೂರಕ್ಕೂ ಎರಡು ಗಂಟೆ ಕೊಟ್ಟು ನೋಡಿ.